ಕವಡೆ, ದಾಳ, ಇಸ್ಪೀಟು: ಅಥಣಿ ರಸ್ತೆಯ ಮನೆಯಾಟಗಳು

'ಕಾಯಿ ಹಣ್ಣಾತು' ಎಂಬ ಮಾತಿಗೆ ತಿಕೋಟಾ ಸೀಮೆಯಲ್ಲಿ ಎರಡು ಅರ್ಥ. ತೋಟದಲ್ಲಿ ನಿಂತು ಹೇಳಿದರೆ ಅದು ಬೆಳೆಯ ಸುದ್ದಿ. ಪಡಸಾಲೆಯಲ್ಲಿ, ಶಹಾಬಾದಿ ಫರಸಿಯ ಮೇಲೆ ಸೀಮೆಸುಣ್ಣದಿಂದ ಗೀಚಿದ 25 ಚೌಕಗಳ ಸುತ್ತ ಕೂತವರು ಹೇಳಿದರೆ ಅರ್ಥ ಬೇರೆ. ಒಂದು ಬಳೆಚೂರು ಊರೆಲ್ಲ ಸುತ್ತಿ, ಯಾರ ಕೈಗೂ ಸಿಗದೆ ನಡುಮನೆ ಮುಟ್ಟಿತು ಎಂದು. ವಿಜಯಪುರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆಯುದ್ದಕ್ಕೂ, ತೊರವಿ ದಾಟಿ ತಿಕೋಟಾದ ಕಡೆಗೂ, ಇತ್ತ ಬಬಲೇಶ್ವರದ ಹಳ್ಳಿಗಳಲ್ಲೂ ಚೌಕಾಬಾರ ಎಂಬ ಈ ಆಟಕ್ಕೆ ಪ್ರತ್ಯೇಕ ಸಾಮಾನೇನೂ ಬೇಕಾಗಿಲ್ಲ. ನಾಲ್ಕು ಕವಡೆ, ಇಲ್ಲವೇ ಒಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ, ಜೊತೆಗೆ ಎರಡು ತಾಸು ಬಿಡುವು ಇದ್ದರೆ ಸಾಕು.

ಕವಡೆ, ದಾಳ ಮತ್ತು ಎಲೆಗಳ ಮನೆಯಾಟಗಳನ್ನು ಕೇವಲ ಅದೃಷ್ಟದ ಆಟವೆಂದು ತಳ್ಳಿಹಾಕುವವರು ಬಹಳ. ಅದೃಷ್ಟ ಇರುವುದು ನಿಜ, ಆದರೆ ಅದರ ಕೆಲಸ ಕವಡೆ ನೆಲಕ್ಕೆ ಬೀಳುವವರೆಗೆ ಮಾತ್ರ. ಬಿದ್ದ ಮೇಲೆ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು, ಎದುರಾಳಿ ಆ ಎಲೆಯನ್ನೇಕೆ ಎತ್ತಿದ, ಇಷ್ಟು ಹೊತ್ತಾದರೂ ಇಸ್ಪೀಟಿನ ಎಕ್ಕ ಯಾಕೆ ಹೊರಬಂದಿಲ್ಲ ಎಂಬುದೆಲ್ಲ ತರ್ಕದ ಕೆಲಸ. ಈ ಅಳತೆಯಿಂದ ನೋಡಿದರೆ ಹಾವು ಏಣಿ ಆಟ ಈ ಲೇಖನದಿಂದ ಹೊರಗೇ ಉಳಿಯಬೇಕು. ಅದರಲ್ಲಿ ಆಡುವವನು ಏನನ್ನೂ ತೀರ್ಮಾನಿಸುವುದಿಲ್ಲ, ದಾಳ ಹೇಳಿದ ಕಡೆ ಹೋಗುತ್ತಾನೆ ಅಷ್ಟೇ. ಪರಮಪದ ಸೋಪಾನವೆಂಬ ಹಳೆಯ ರೂಪದಲ್ಲಿ ಅದು ಕರ್ಮಫಲದ ಪಾಠವಾಗಿತ್ತು, ಬುದ್ಧಿಗೆ ಕೆಲಸ ಕೊಡುವ ಉದ್ದೇಶ ಅದಕ್ಕೆ ಇರಲೂ ಇಲ್ಲ.

ಚೌಕಾಬಾರ ಹಾಗಲ್ಲ. ಐದಕ್ಕೈದು ಮನೆಗಳ ಈ ಪಟದಲ್ಲಿ ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8, ನಡುವೆ ಒಂದು. ನಾಲ್ಕೂ ಬದಿಯ ನಡುಮನೆಗಳಿಗೆ ಕತ್ತರಿ ಗೆರೆ ಎಳೆದಿರುತ್ತಾರೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ: ಒಬ್ಬರದು ಬಳೆಚೂರು, ಇನ್ನೊಬ್ಬರದು ಹರಳು, ಮತ್ತೊಬ್ಬರದು ಇದ್ದಿಲು ಚೂರು. ತನ್ನ ಬದಿಯ ಮನೆಯಿಂದ ಹೊರಟ ಕಾಯಿ ಹೊರಸುತ್ತನ್ನು ಒಂದು ದಿಕ್ಕಿಗೆ, ಒಳಸುತ್ತನ್ನು ಅದಕ್ಕೆ ತಿರುಗುಮುರುಗಾಗಿ ಬಳಸಿ 24ನೆಯ ಹೆಜ್ಜೆಗೆ ಹಣ್ಣಾಗುತ್ತದೆ. ಬಹಳ ಮನೆಗಳಲ್ಲಿ ಇನ್ನೊಂದು ಕಟ್ಟು ಇದೆ: ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೀಗಾಗಿ ಯಾರ ತಂಟೆಗೂ ಹೋಗದೆ ಗೆಲ್ಲುತ್ತೇನೆಂಬ ಸಾಧುಗಳಿಗೆ ಈ ಆಟದಲ್ಲಿ ಜಾಗವಿಲ್ಲ.

ಎಣಿಕೆ ಸರಳ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಹೆಜ್ಜೆ. ನಾಲ್ಕೂ ಬಾಯಿ ತೆರೆದರೆ ಚೌಕಾ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಎಂಟು ಹೆಜ್ಜೆ. ಹಿಂದಿಯಲ್ಲಿ ಬಾರಾ ಎಂದರೆ ಹನ್ನೆರಡು ತಾನೇ ಎಂದು ಶಾಲೆಗೆ ಹೋಗುವ ಮಗು ಕೇಳಿದರೆ ಹಿರಿಯರು ಉತ್ತರ ಕೊಡುವುದಿಲ್ಲ, ಕವಡೆ ಮುಂದಕ್ಕೆ ತಳ್ಳುತ್ತಾರೆ. ಚೌಕಾ, ಬಾರಾ ಬಿದ್ದವರಿಗೆ ಮತ್ತೊಂದು ಸಲ ಆಡುವ ಹಕ್ಕು.

ಇಲ್ಲಿಂದ ಮುಂದೆ ತರ್ಕ ಶುರು. ಹತ್ತು ವರ್ಷದ ಮೊಮ್ಮಗ ತನ್ನ ಬಳೆಚೂರನ್ನು ಆಯಿಯ ಹರಳಿಗಿಂತ ಎರಡು ಮನೆ ಮುಂದೆ ತಂದು ಇಡಲು ಹೊರಟಾಗ, ಆಟದಲ್ಲಿಲ್ಲದ ಅತ್ತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಎರಡರಾಗ ಕುಂದರಬ್ಯಾಡೋ ತಮ್ಮಾ, ಕಡದ ಬಿಡ್ತಾರ!" ಅತ್ತಿಯ ಈ ಎಚ್ಚರಿಕೆಯ ಹಿಂದೆ ಅಚ್ಚುಕಟ್ಟಾದ ಲೆಕ್ಕವಿದೆ. ನಾಲ್ಕು ಕವಡೆ ಒಟ್ಟು 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವ ರೀತಿಗಳು 6. ಒಂದಕ್ಕೆ 4, ಮೂರಕ್ಕೆ 4. ಚೌಕಾಗೆ ಒಂದೇ, ಬಾರಾಗೆ ಒಂದೇ. ಕವಡೆಗಳು ಎರಡೂ ಬದಿಗೆ ಸಮನಾಗಿ ಬೀಳುತ್ತವೆಂದು ಹಿಡಿದರೆ, ಎದುರಾಳಿಗಿಂತ ಎರಡು ಮನೆ ಮುಂದೆ ಕೂತ ಕಾಯಿ ನೂರಕ್ಕೆ ಸುಮಾರು 37 ಸಲ ಕಡಿಸಿಕೊಳ್ಳುತ್ತದೆ. ಒಂದು ಅಥವಾ ಮೂರು ಮನೆ ಮುಂದಿದ್ದರೆ 25 ಸಲ. ನಾಲ್ಕು ಮನೆ ಮುಂದಿದ್ದರೆ ಆರು ಸಲ. ಐದು ಮನೆ ದೂರಕ್ಕೆ ನೇರವಾಗಿ ಬೀಳುವ ಎಣಿಕೆಯೇ ಇಲ್ಲ. ಚೌಕಾ ಬಿದ್ದು ಅದರ ಬೆನ್ನಿಗೇ ಒಂದು ಬೀಳಬೇಕು, ಅದು 64ರಲ್ಲಿ ಒಂದು ಸಲದ ಮಾತು. ಆದ್ದರಿಂದ ಕತ್ತರಿಮನೆ ಸಿಗದಿದ್ದರೆ ನಾಲ್ಕರಾಚೆ ಹೋಗಿ ಕೂರುವುದು ಜಾಣತನ. ಭಿನ್ನರಾಶಿಯ ಹೆಸರನ್ನೇ ಕೇಳದ ಹೆಂಗಸರು ಈ ಪಟ್ಟಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಿರುತ್ತಾರೆ.

ಕವಡೆಗಳು ನಿಜಕ್ಕೂ ಸಮನಾಗಿ ಬೀಳುವುದಿಲ್ಲ ಎಂಬುದು ಇದರ ಮೇಲಿನ ಪಾಠ. ಬೆನ್ನು ಉಬ್ಬಿದ ಕವಡೆಯ ಹಠವೇ ಬೇರೆ, ಬೆನ್ನು ತೇದ ಕವಡೆಯ ಹಠವೇ ಬೇರೆ. ಹುಣಸೆ ಬೀಜವನ್ನು ಹೆಚ್ಚು ತಿಕ್ಕಿದರೆ ಒಂದು ರೀತಿ, ಕಡಿಮೆ ತಿಕ್ಕಿದರೆ ಇನ್ನೊಂದು ರೀತಿ. ತಮ್ಮ ಮನೆಯ ಕವಡೆಗಳ ಸ್ವಭಾವ ಬಲ್ಲವರು ಬೇರೆ ಮನೆಗೆ ಆಡಲು ಹೋದಾಗ ಮೊದಲ ಐದಾರು ಸರದಿ ಸುಮ್ಮನೆ ನೋಡುತ್ತಾರೆ. ಇದೂ ವಿನ್ಯಾಸ ಗುರುತಿಸುವ ವಿದ್ಯೆಯೇ.

ಮೂರು ಬಾರಾ ಸಾಲಾಗಿ ಬಿದ್ದರೆ ಏನು ಮಾಡಬೇಕೆಂಬ ಜಗಳ ಎಲ್ಲ ಊರಲ್ಲೂ ಒಂದೇ. ಎಂಟು ಮೂರಲೆ 24, ಒಂದೇ ಏಟಿಗೆ ಒಂದು ಕಾಯಿ ಹೊರಟ ಮನೆಯಿಂದ ಹಣ್ಣಿನ ಮನೆಗೆ ಹೋಗಿಬಿಡುತ್ತದೆ. ಮೂರನೆಯದು ಬಿದ್ದೊಡನೆ ಮೂರೂ ಸುಟ್ಟುಹೋಗುತ್ತವೆ ಎಂಬ ನಿಯಮ ಹುಟ್ಟಿರುವುದು ಬಹುಶಃ ಇದೇ ಭಯದಿಂದ. ಹೀಗೆ ನಿಯಮದಲ್ಲಿನ ಬಿರುಕು ಹುಡುಕಿ ಅದನ್ನು ಮುಚ್ಚುವ ಕೆಲಸವನ್ನು ಯಾವ ಪುಸ್ತಕವೂ ಕಲಿಸಿದ್ದಲ್ಲ. ಇದೇ ಆಟ ತೆಲುಗರಲ್ಲಿ ಅಷ್ಟಾಚೆಮ್ಮ, ಗುಜರಾತಿನಲ್ಲಿ ಇಷ್ಟೋ. ತಮಿಳರ ದಾಯಂ ಇದರ ಹತ್ತಿರದ ನೆಂಟ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೋ ಇದೇ ಬಳಗದ ಪಚ್ಚೀಸಿಯಿಂದ ಇಳಿದದ್ದು. ಅಂದರೆ ಈಗ ಮೊಬೈಲಿನಲ್ಲಿ ಲೂಡೋ ಆಡುವ ಹುಡುಗರು ಊರಿನ ಸಾಮಾನನ್ನೇ ವಿಲಾಯತಿ ಡಬ್ಬಿಯಲ್ಲಿ ಕೊಂಡಿದ್ದಾರೆ.

ಪಗಡೆ ಈ ಕುಟುಂಬದ ಹಿರಿಯಣ್ಣ. ನಾಲ್ಕು ರೆಕ್ಕೆಯ ಬಟ್ಟೆಯ ಪಟ, ರೆಕ್ಕೆಗೆ 24 ಮನೆ, ನಾಲ್ಕು ಬಣ್ಣದ ಕಾಯಿ. ಕರ್ನಾಟಕದ ಪಗಡೆಯ ದಾಳ ಲೂಡೋ ದಾಳದಂತೆ ಘನಾಕಾರವಾಗಿರುವುದಿಲ್ಲ. ಬೆರಳುದ್ದದ ನಾಲ್ಕು ಮೂಲೆಯ ಕಡ್ಡಿ ಅದು, ಹಿತ್ತಾಳೆಯದೋ ದಂತದ್ದೋ. ನಾಲ್ಕು ಬದಿಗೆ 1, 3, 4, 6 ಎಂಬ ಚುಕ್ಕಿಗಳು. ಎರಡು ದಾಳ ಒಟ್ಟಿಗೆ ಉರುಳಿಸಿದರೆ 2ರಿಂದ 12ರವರೆಗೆ ಬರುವುದೆಂದು ತೋರುತ್ತದೆ, ಆದರೆ 3 ಮತ್ತು 11 ಯಾವ ಜನ್ಮಕ್ಕೂ ಬೀಳಲಾರವು. ಏಳು ಮಾತ್ರ ನಾಲ್ಕು ಸಲಕ್ಕೆ ಒಂದು ಸಲದ ಲೆಕ್ಕದಲ್ಲಿ ಬೀಳುತ್ತದೆ, ಒಂದು ಆರು ಸೇರಿಯೂ ಏಳೇ, ಮೂರು ನಾಲ್ಕು ಸೇರಿಯೂ ಏಳೇ. ಬೀಳದ ಎಣಿಕೆಯ ದೂರದಲ್ಲಿ ಕಾಯಿ ನಿಲ್ಲಿಸುವುದು, ಬೀಳುವ ಎಣಿಕೆಯ ದೂರದಲ್ಲಿ ಬೇಟೆಗೆ ಹೊಂಚುವುದು ಪಗಡೆ ಬಲ್ಲವರ ಗುಟ್ಟು.

ದಾಳದ ಈ ಹುಚ್ಚು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದ ಐದು ಭಾಗಗಳಲ್ಲಿ ಕೊನೆಯದು ಪೂರ್ತಿ ಕ್ರೀಡೆಗಳಿಗೇ ಮೀಸಲು. ದಾಳದಾಟ, ಕವಡೆಯಾಟಗಳಿಗೆ ಅಲ್ಲಿ ಜಾಗವಿದೆ. ಅದಕ್ಕೂ ಹಿಂದೆ, 941ರ ಸುಮಾರಿನ ಪಂಪಭಾರತದಲ್ಲಿ ದಾಳದಾಟಕ್ಕೆ 'ನೆತ್ತ' ಎಂದು ಹೆಸರು. ಭಾನುಮತಿಯ ನೆತ್ತದ ಪ್ರಸಂಗದಲ್ಲಿ ಆಡಿದವರು ಯಾರು, ಮುತ್ತಿನ ಹಾರ ಹರಿದವರು ಯಾರು ಎಂಬ ಚರ್ಚೆ ಕನ್ನಡ ಮೇಷ್ಟ್ರುಗಳ ನಡುವೆ ಇನ್ನೂ ಮುಗಿದಿಲ್ಲ. ಎಲ್ಲೋರದ ಗೋಡೆಗಳ ಮೇಲೆ ಶಿವ ಪಾರ್ವತಿಯರೇ ಪಗಡೆಗೆ ಕೂತಿದ್ದಾರೆ. ಶಿವರಾತ್ರಿಯ ಜಾಗರಣೆಗೆ ಪಗಡೆ ಹಾಸುವವರಿಗೆ ಇದಕ್ಕಿಂತ ದೊಡ್ಡ ಅಪ್ಪಣೆ ಬೇಕಿಲ್ಲ.

ದಾಳವನ್ನೂ ಗಣಿತವನ್ನೂ ಒಂದೇ ದಾರದಲ್ಲಿ ಪೋಣಿಸಿದ ಕಥೆ ನಳನದು. ಪುಷ್ಕರನೆದುರು ರಾಜ್ಯವನ್ನೇ ಸೋತ ನಳ ಋತುಪರ್ಣನ ಸಾರಥಿಯಾಗಿ ಹೋಗುವಾಗ, ಆ ರಾಜ ಒಂದು ತಾರೆ ಮರವನ್ನು ಕಂಡು ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಂಬದ ನಳ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಕುದುರೆ ವಿದ್ಯೆಗೆ ಬದಲಾಗಿ ಅವನಿಂದ ಅಕ್ಷಹೃದಯವನ್ನು ಕಲಿತು, ಮತ್ತೆ ಆಡಿ ರಾಜ್ಯ ಗೆಲ್ಲುತ್ತಾನೆ. ವೇದಕಾಲದಲ್ಲಿ ದಾಳವಾಗಿ ಬಳಕೆಯಾಗುತ್ತಿದ್ದುದು ಇದೇ ತಾರೆಕಾಯಿ ಎಂಬುದನ್ನು ನೆನೆದರೆ ಕಥೆಗಾರನ ಆಯ್ಕೆ ಆಕಸ್ಮಿಕವಲ್ಲ ಅನ್ನಿಸುತ್ತದೆ. ಕನ್ನಡಿಗರಿಗೆ ಈ ಕಥೆ ಆಪ್ತವಾದದ್ದು ಕನಕದಾಸರ 'ನಳಚರಿತ್ರೆ'ಯಿಂದ.

ಆರು ಮುಖದ ದಾಳಕ್ಕೆ ಇನ್ನೂ ದೊಡ್ಡ ವಯಸ್ಸು. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ಸಿಕ್ಕ ಮಣ್ಣಿನ ದಾಳಗಳಲ್ಲಿ ಒಂದರ ಎದುರು ಎರಡು, ಮೂರರ ಎದುರು ನಾಲ್ಕು, ಐದರ ಎದುರು ಆರು ಇರುವುದುಂಟು. ಈಗಿನ ದಾಳದಲ್ಲಿ ಎದುರುಬದುರು ಮುಖಗಳ ಮೊತ್ತ ಯಾವಾಗಲೂ ಏಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಗೊತ್ತಿರಲೇಬೇಕಾದ ಸಂಗತಿ. ಅಥಣಿ ರಸ್ತೆಯಲ್ಲೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಬ್ಯಾಂಕು, ಪೊಲೀಸ್ ಪರೀಕ್ಷೆಗೆಂದು ಬಿಡಿಸುವ ರೀಸನಿಂಗ್ ಲೆಕ್ಕಗಳಲ್ಲಿ ದಾಳದ ಎರಡು ಚಿತ್ರ ತೋರಿಸಿ ಎದುರು ಮುಖ ಯಾವುದೆಂದು ಕೇಳುವುದು ಮಾಮೂಲು. ಆದರೆ ಪರೀಕ್ಷೆಯವರು ಕೊಡುವ ದಾಳ ಬಹಳ ಸಲ ಏಳರ ನಿಯಮ ಪಾಲಿಸದ ದಾಳ. ಮೊಹೆಂಜೊದಾರೊದವರು ಕೂತು ಪ್ರಶ್ನೆಪತ್ರಿಕೆ ತೆಗೆದಂತೆ! ನಗರದಲ್ಲಿ 1963ರಿಂದ ಇರುವ ಸೈನಿಕ ಶಾಲೆಗೂ ನವೋದಯಕ್ಕೂ ಮಕ್ಕಳನ್ನು ತಯಾರು ಮಾಡುವ ತರಗತಿಗಳಲ್ಲಿ ಗುಂಪಿಗೆ ಸೇರದ ಚಿತ್ರ, ಸಾಲಿನ ಮುಂದಿನ ಚಿತ್ರ, ಕನ್ನಡಿಯ ಬಿಂಬ ಎಂದು ಬಾಯಿಪಾಠ ನಡೆಯುತ್ತಿರುತ್ತದೆ. ಅದೇ ಮಕ್ಕಳು ಭಾನುವಾರ ಎಲೆ ಹಿಡಿದರೆ ಬೈಸಿಕೊಳ್ಳುತ್ತಾರೆ. ಬಾದಾಮ್ ಸಾತ್ ಆಡುವ ಮಗು ಮಾಡುತ್ತಿರುವುದೂ ಸಾಲಿನ ಮುಂದಿನ ಎಲೆ ಹುಡುಕುವ ಕೆಲಸವನ್ನೇ ಎಂದು ಹೇಳಿದರೆ ಪಾಲಕರು ಒಪ್ಪುವುದು ಕಷ್ಟ.

ಎಲೆಯಾಟಕ್ಕೆ ಬಂದರೆ ಮೊದಲು ಮಾತಿನ ಗೊಂದಲ. ಕನ್ನಡದಲ್ಲಿ ಇಸ್ಪೀಟು ಎಂದರೆ 52 ಎಲೆಗಳ ಇಡೀ ಕಟ್ಟು, ಅದರಲ್ಲಿನ ಒಂದು ಜಾತಿಯ ಹೆಸರೂ ಅದೇ. ಆಟೀನು, ಡೈಮಂಡು, ಕಳಾವರ ಉಳಿದ ಮೂರು. ಮಹಾರಾಷ್ಟ್ರದ ಗಡಿಗೆ ಹೊಂದಿದ ಊರುಗಳಲ್ಲಿ ಬಾದಾಮ್, ಚೌಕಟ್, ಕಿಲ್ವರ್ ಎಂಬ ಮರಾಠಿ ಹೆಸರುಗಳೂ ಓಡಾಡುತ್ತವೆ. ಆಟೀನಿನ ಆಕಾರ ಬಾದಾಮಿಯಂತೆ ಕಂಡವರ ಕಣ್ಣಿಗೆ ಶರಣು. ತುರುಪು ಎಂಬ ಮಾತು ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಇಂದು 'ತುರುಪಿನ ಎಲೆ' ಇಲ್ಲದೆ ಕನ್ನಡದ ರಾಜಕೀಯ ವರದಿಗಾರರ ಕೆಲಸ ಸಾಗುವುದಿಲ್ಲ.

ಬಾದಾಮ್ ಸಾತ್ ನೋಡಲು ಮಕ್ಕಳಾಟ. ಎಲೆಗಳನ್ನೆಲ್ಲ ಹಂಚಿದ ಮೇಲೆ ಆಟೀನಿನ ಏಳು ಇರುವವರು ಅದನ್ನು ಇಟ್ಟು ಆರಂಭಿಸುತ್ತಾರೆ. ಮುಂದಿನವರು ಅದರ ಪಕ್ಕಕ್ಕೆ ಆರನ್ನೋ ಎಂಟನ್ನೋ ಇಡಬೇಕು, ಇಲ್ಲವೇ ಬೇರೆ ಜಾತಿಯ ಏಳನ್ನು ತೆರೆಯಬೇಕು. ಯಾವುದೂ ಇಲ್ಲದಿದ್ದರೆ ಪಾಸ್. ಕೈ ಮೊದಲು ಖಾಲಿ ಮಾಡಿದವರು ಗೆದ್ದಂತೆ. ಇಡಲು ಬರುವ ಎಲೆಯನ್ನೆಲ್ಲ ಇಟ್ಟುಬಿಡುವುದು ಹೊಸಬರ ಪದ್ಧತಿ. ಪಳಗಿದವರು ಹಾಗೆ ಮಾಡುವುದಿಲ್ಲ. ಕೈಯಲ್ಲಿ ಇಸ್ಪೀಟಿನ ಎಂಟು ಇದ್ದು, ಅದರ ಮೇಲಿನ ಒಂದೂ ಇಸ್ಪೀಟು ಇಲ್ಲದಿದ್ದರೆ ಆ ಎಂಟು ಒಂದು ಬೀಗ. ಒಂಬತ್ತು, ಹತ್ತು, ಗುಲಾಮ, ರಾಣಿ, ರಾಜ ಐದೂ ಇತರರ ಕೈಯಲ್ಲಿ ಕೊಳೆಯುತ್ತಿರುತ್ತವೆ. ಇಡಲು ಬೇರೆ ಎಲೆ ಇರುವಷ್ಟು ಕಾಲ ಬೀಗ ತೆಗೆಯಬಾರದು. ಕೈಯಲ್ಲಿ ಅದೇ ಜಾತಿಯ ರಾಜನೂ ಇದ್ದರೆ ಲೆಕ್ಕ ತಿರುಗಿತು: ರಾಜನಿಗೆ ದಾರಿಯಾಗಬೇಕಾದರೆ ಎಂಟನ್ನು ಆದಷ್ಟು ಬೇಗ ಬಿಡಬೇಕು. ಎದುರಿನವಳು ಯಾವ ಜಾತಿಯಲ್ಲಿ ತಡಮಾಡುತ್ತಿದ್ದಾಳೆ ಎಂಬುದನ್ನು ನೋಡಿದರೆ ಅವಳ ಕೈಯಲ್ಲಿ ಆ ಜಾತಿಯ ತುದಿ ಎಲೆಗಳಿಲ್ಲ ಎಂಬುದು ತಿಳಿಯುತ್ತದೆ.

ಕತ್ತೆ ಆಟದಲ್ಲೂ ಮರಾಠಿಯ ಝಬ್ಬೂವಿನಲ್ಲೂ ಸುಳಿವು ಇನ್ನೂ ಬಹಿರಂಗ. ಇಳಿದ ಜಾತಿಯ ಎಲೆ ಇಲ್ಲದವನು ಬೇರೆ ಜಾತಿಯಿಂದ ಕಡಿಯುತ್ತಾನೆ, ಆ ಸುತ್ತಿನಲ್ಲಿ ದೊಡ್ಡ ಎಲೆ ಹಾಕಿದ್ದವನು ಎಲ್ಲವನ್ನೂ ಎತ್ತಿಕೊಳ್ಳಬೇಕು. ಕಡಿದವನ ಬಳಿ ಇಳಿದ ಜಾತಿಯ ಎಲೆ ಇಲ್ಲವೆಂಬುದು ಆ ಕ್ಷಣದಲ್ಲೇ ಊರಿಗೆಲ್ಲ ಗೊತ್ತಾಯಿತು. ಎತ್ತಿಕೊಂಡವನ ಕೈಯಲ್ಲಿ ಯಾವ ಎಲೆಗಳಿವೆ ಎಂಬುದೂ ಗೊತ್ತಾಯಿತು. ಇಷ್ಟಾದರೂ ಮರೆಯುವವರು ಕತ್ತೆಯಾಗುತ್ತಾರೆ, ಹೆಸರು ಸುಮ್ಮನೆ ಬಂದಿಲ್ಲ.

ಕರಾವಳಿಯಲ್ಲೂ ಕಾಸರಗೋಡಿನ ಕನ್ನಡ ಮನೆಗಳಲ್ಲೂ ಕಾಣುವ ಇಪ್ಪತ್ತೆಂಟು ಎಂಬ ಆಟ ಬಯಲುಸೀಮೆಗೆ ಅಷ್ಟು ಪರಿಚಿತವಲ್ಲ, ತರ್ಕದಲ್ಲಿ ಮಾತ್ರ ಇವೆಲ್ಲಕ್ಕಿಂತ ಗಟ್ಟಿ. 32 ಎಲೆ, ನಾಲ್ವರು, ಎದುರು ಕೂತವರು ಜೊತೆಗಾರರು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಜಾತಿಗೆ ಏಳರಂತೆ ನಾಲ್ಕು ಜಾತಿಗೆ 28. ರಾಜ ರಾಣಿಯರಿಗೆ ಸೊನ್ನೆ, ಗುಲಾಮನೇ ಸರದಾರ! ಹರಾಜು ಗೆದ್ದವನು ತುರುಪನ್ನು ಬೋರಲಾಗಿ ಮುಚ್ಚಿಡುತ್ತಾನೆ. ಅದು ಯಾವ ಜಾತಿ ಎಂಬುದನ್ನು ಅವನು ಹರಾಜು ಕೂಗಿದ ಧಾಟಿಯಿಂದ, ಮೊದಲು ಇಳಿಸಿದ ಎಲೆಯಿಂದ ಊಹಿಸಬೇಕು.

ರಮ್ಮಿಯ ಸ್ಥಿತಿ ಬೇರೆ. ಎಷ್ಟೋ ಮನೆಗಳಲ್ಲಿ ಅದು ಅಕ್ಕತಂಗಿಯರ ರಜೆಯ ಆಟ, ಇನ್ನೆಷ್ಟೋ ಮನೆಗಳಲ್ಲಿ ಹೊಲ ಮಾರಿಸಿದ ಆಟ. ಎರಡು ಕಟ್ಟು ಕಲಸಿ ತಲಾ 13 ಎಲೆ ಹಂಚಿದ ಮೇಲೆ ಆಟದ ಜೀವ ಇರುವುದು ಎಸೆದ ಎಲೆಗಳಲ್ಲಿ. ಎದುರಾಳಿ ಆಟೀನಿನ ಎಂಟನ್ನು ಎತ್ತಿದರೆ ಅದರ ನೆರೆಯ ಏಳು, ಒಂಬತ್ತನ್ನು ಅವನ ಮುಂದೆ ಎಸೆಯಬಾರದು, ಬೇರೆ ಜಾತಿಯ ಎಂಟನ್ನೂ ಎಸೆಯಬಾರದು. ಕೈಯಲ್ಲಿ ಆರು, ಎಂಟು ಹಿಡಿದು ನಡುವಿನ ಏಳಕ್ಕೆ ಕಾಯುತ್ತಿರುವವಳು, ಆ ಜಾತಿಯ ಎರಡೂ ಏಳು ಎಸೆದ ಗುಡ್ಡೆಯಲ್ಲಿ ಹೋಗಿದ್ದನ್ನು ನೋಡಿದ್ದರೆ ಕಾಯುವುದನ್ನು ಬಿಡುತ್ತಾಳೆ. ನೋಡದಿದ್ದರೆ ಕೊನೆಯವರೆಗೂ ಕಾಯುತ್ತಾಳೆ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕೆಂದು ತಿಳಿದಿರಬೇಕು, ಆದ್ದರಿಂದ ರಮ್ಮಿಯಲ್ಲಿ ಕೌಶಲದ್ದೇ ಮೇಲುಗೈ. ಮೂರೆಲೆ ಆಟಕ್ಕೆ ಆ ಮಾನ್ಯತೆ ಸಿಗಲಿಲ್ಲ. ಜಿಲ್ಲೆಯ ಪತ್ರಿಕೆಗಳ ಅಪರಾಧ ಪುಟದಲ್ಲಿ ಆಗಾಗ ಕಾಣುವ ಅಂದರ್ ಬಾಹರ್‌ನಲ್ಲಂತೂ ಆಡುವವನಿಗೆ ಹಣ ಕಟ್ಟುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಬುದ್ಧಿಯ ಆಟ ಮತ್ತು ಹಣದ ಆಟ ಎಂಬ ಭೇದ ಗೊತ್ತಿಲ್ಲದೆ ಹಿರಿಯರು ಎಲೆಯ ಕಟ್ಟನ್ನೇ ಒಲೆಗೆ ಹಾಕಿದ್ದುಂಟು. ಹೊಲ ಹೋದ ಮನೆಯಲ್ಲಿ ಆ ಭೇದ ಕಲಿಸಲು ಹೋಗುವ ಧೈರ್ಯವೂ ಯಾರಿಗಿದೆ?

ಇಸ್ಪೀಟಿಗೆ ಮುಂಚೆ ಈ ನೆಲದಲ್ಲಿ ಇದ್ದದ್ದು ಗಂಜೀಫಾ, ದುಂಡನೆಯ ಬಣ್ಣದೆಲೆಗಳು. 1527ರಲ್ಲಿ ಬಾಬರ್ ಸಿಂಧದ ಷಾ ಹಸನನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮೊಗಲ್ ಕ್ರಮದಲ್ಲಿ ಎಂಟು ಜಾತಿ, 96 ಎಲೆ, ಮೂವರು ಆಟಗಾರರು. ತಾಜ್, ಸಫೇದ್, ಶಂಶೇರ್, ಗುಲಾಮ್ ಎಂಬ ನಾಲ್ಕು ಜಾತಿಗಳಲ್ಲಿ ರಾಜ ಮಂತ್ರಿಯರ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಸುರ್ಖ್, ಕಿಮಾಶ್, ಬರಾತ್, ಚಂಗ್ ಎಂಬ ಉಳಿದ ನಾಲ್ಕರಲ್ಲಿ ತಿರುಗುಮುರುಗು, ಒಂದೇ ದೊಡ್ಡದು, ಹತ್ತು ಎಲ್ಲಕ್ಕೂ ಕೆಳಗೆ. ಎಲೆ ನೋಡಿದ ಕೂಡಲೇ ಅದರ ಬೆಲೆಯನ್ನು ತಲೆಯಲ್ಲಿ ತಿರುವಬೇಕು. ಮೇಲಾಗಿ 96ರಲ್ಲಿ ಯಾವುವು ಹೋದವು, ಪ್ರತಿ ಜಾತಿಯಲ್ಲಿ ಈಗ ಉಳಿದದ್ದರಲ್ಲಿ ದೊಡ್ಡದು ಯಾವುದು ಎಂಬುದನ್ನು ನೆನಪಿನಲ್ಲೇ ಹಿಡಿದಿರಬೇಕು. ಇಸ್ಪೀಟಿನಲ್ಲಿ 52 ನೆನಪಿಡಲಾಗದವರು ಇದನ್ನು ಕಂಡರೆ ದೂರದಿಂದಲೇ ಕೈ ಮುಗಿಯುತ್ತಾರೆ.

ಹಿಂದೂ ಮನೆಗಳಿಗೆ ಬಂದಾಗ ಜಾತಿಗಳು ದಶಾವತಾರಗಳಾದವು: ಹತ್ತು ಅವತಾರ, ತಲಾ 12 ಎಲೆ, ಒಟ್ಟು 120. ಹಗಲು ಆಡಿದರೆ ರಾಮನ ರಾಜನೆಲೆ ಇರುವವರು ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನದು. ಅಥಣಿ ರಸ್ತೆಯನ್ನೇ ಹಿಡಿದು ಅಥಣಿ, ಮಿರಜ, ಕೊಲ್ಲಾಪುರ ದಾಟಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯ ಅರಮನೆಯಲ್ಲಿ ಈ ಎಲೆಗಳನ್ನು ಇಂದಿಗೂ ಕೈಯಿಂದಲೇ ಬರೆಯುತ್ತಾರೆ. ತೊರವಿಯ ನರಸಿಂಹನನ್ನು ದಿನಾ ಕಾಣುವವರಿಗೆ ಎಲೆಯ ಮೇಲಿನ ನರಸಿಂಹ ಪರಿಚಿತನೇ. ಕುಮಾರವಾಲ್ಮೀಕಿ ರಾಮಾಯಣ ಬರೆದದ್ದೂ ಆ ದೇವರ ನೆರಳಿನಲ್ಲೇ.

ಗಂಜೀಫಾವನ್ನು ಅತಿಗೆ ಒಯ್ದದ್ದು ಮೈಸೂರು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಛದ್ ಎಂಬ ಎಲೆಯಾಟಗಳನ್ನು ವಿವರಿಸಿದ್ದಾರೆ. ಕೆಲವಕ್ಕೆ 18 ಜಾತಿ, ಖಾಯಂ ತುರುಪು ಬೇರೆ. ಇವನ್ನು ಅರಮನೆಯ ಹೊರಗೆ ಎಷ್ಟು ಜನ ಆಡಿದರೋ, ಬಿಡುವಿದ್ದ ದೊರೆಯೊಬ್ಬನ ಬುದ್ಧಿ ವಿಹಾರ ಎನ್ನದೆ ವಿಧಿಯಿಲ್ಲ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಮುಟ್ಟಿಸುವ ಬಂಧಗಳನ್ನೂ ಅವರು ರಚಿಸಿದರು. ಮೈಸೂರಿನ ಗಂಜೀಫಾಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ಕ್ರೀಡಾಕೌಶಲ್ಯ ಪ್ರದರ್ಶನದಲ್ಲಿ ಚೌಕಾಬಾರ, ಅಳಗುಳಿ, ಪಗಡೆಗಳ ಪಟಗಳು ಕೊಳ್ಳಲೂ ಸಿಗುತ್ತವೆ.

ಎಲೆಯ ಕಟ್ಟು ಕೈಗೆ ಬಂದೊಡನೆ ಕಲಸಬೇಕು. ಎಷ್ಟು ಸಲ? ಅಮೆರಿಕದ ಗಣಿತಜ್ಞರಾದ ಬೇಯರ್ ಮತ್ತು ಡಯಾಕೊನಿಸ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಕಟ್ಟನ್ನು ಎರಡು ಪಾಲು ಮಾಡಿ ಫರ್ರೆಂದು ಹೆಣೆದು ಕಲಸಿದರೆ ಏಳು ಸಲ ಬೇಕು. ನಮ್ಮ ಮನೆಗಳಲ್ಲಿ ರೂಢಿಯಿರುವಂತೆ ಎಡಗೈಯಿಂದ ಬಲಗೈಗೆ ಗೊಂಚಲು ಗೊಂಚಲಾಗಿ ಹಾಕಿಕೊಂಡರೆ ಸಾವಿರಾರು ಸಲ ಬೇಕು. ಅಷ್ಟು ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಹಿಂದಿನ ಆಟದಲ್ಲಿ ಕೂಡಿದ್ದ ಸಾಲುಗಳು ಮುಂದಿನ ಆಟದಲ್ಲೂ ಅಂಟಿಕೊಂಡೇ ಬರುತ್ತವೆ, ಸೂಕ್ಷ್ಮ ಕಣ್ಣಿನವರು ಅದರ ಲಾಭವನ್ನೂ ಪಡೆಯುತ್ತಾರೆ. 52ರಲ್ಲಿ 13 ಎಲೆ ಕೈಗೆ ಬರುವ ರೀತಿಗಳು 63,501 ಕೋಟಿಗೂ ಮೀರಿ. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದ. 1150ರ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಎಷ್ಟು ಬಗೆಯಲ್ಲಿ ಹಿಡಿಸಬಹುದೆಂಬ ಲೆಕ್ಕವಿದೆ. ಉತ್ತರ 36,28,800. ಭಾಸ್ಕರ ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡ ಇದೇ ವಿಜಯಪುರ ಎಂದು ಒಂದು ಪಕ್ಷ, ಚಾಳೀಸಗಾಂವ್ ಕಡೆಯ ಊರೆಂದು ಇನ್ನೊಂದು ಪಕ್ಷ. ವಿಜಯಪುರದವರು ಯಾವ ಪಕ್ಷ ಎಂದು ಹೇಳಬೇಕಾಗಿಲ್ಲ.

ಎಲೆಯಾಟ ಒಂದು ಪ್ರತಿಭೆಯನ್ನು ಹೊರಗೆಳೆದ ಉದಾಹರಣೆ ಬೆಂಗಳೂರಿನದು. ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ತಂದೆ ಮೂರು ವರ್ಷದ ಮಗಳಿಗೆ ಇಸ್ಪೀಟಿನ ಕೈಚಳಕ ಕಲಿಸಲು ಕೂತಾಗ, ಮಗು ಕೈಚಳಕವಿಲ್ಲದೆ ಎಲೆಗಳನ್ನೇ ನೆನಪಿಟ್ಟು ಅವರನ್ನು ಸೋಲಿಸಿತು. ಆ ಮಗು ಶಕುಂತಲಾ ದೇವಿ (1929–2013). 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದವರು.

ಹೊಸ ಆಟಗಳಲ್ಲಿ ಎರಡನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದು, ಹಳೆಯ ಲಗ್ನಪತ್ರಿಕೆಗಳಿದ್ದರೆ ಸಾಕು. ಮೊದಲನೆಯದು ಸೆಟ್. 1974ರಲ್ಲಿ ಮಾರ್ಷಾ ಫಾಲ್ಕೊ ಎಂಬ ತಳಿವಿಜ್ಞಾನಿ ನಾಯಿಗಳ ಅಪಸ್ಮಾರದ ಅಧ್ಯಯನಕ್ಕೆಂದು ಬರೆದಿಟ್ಟುಕೊಂಡ ಗುರುತು ಚೀಟಿಗಳಿಂದ ಹುಟ್ಟಿದ ಆಟ ಇದು. 81 ಎಲೆ. ಆಕಾರ, ಬಣ್ಣ, ಸಂಖ್ಯೆ, ತುಂಬಿದ ರೀತಿ ಎಂಬ ನಾಲ್ಕು ಗುಣ, ಪ್ರತಿಯೊಂದಕ್ಕೂ ಮೂರು ಬಗೆ. ಮೂರು ಎಲೆಗಳಲ್ಲಿ ಪ್ರತಿ ಗುಣವೂ ಪೂರ್ತಿ ಒಂದೇ ಆಗಿರಬೇಕು, ಇಲ್ಲವೇ ಪೂರ್ತಿ ಬೇರೆಬೇರೆಯಾಗಿರಬೇಕು. ಯಾವ ಎರಡು ಎಲೆ ಎತ್ತಿದರೂ ಅವಕ್ಕೆ ಕೂಡುವ ಮೂರನೆಯದು ಒಂದೇ ಒಂದು. ಸಣ್ಣ ಮಕ್ಕಳಿಗೆ ತುಂಬುವ ರೀತಿಯನ್ನು ಬಿಟ್ಟು 27 ಎಲೆ ಮಾಡಿದರೆ ಸಾಕು. ಅದರಲ್ಲಿ ಹತ್ತು ಎಲೆ ನೆಲಕ್ಕೆ ಹಾಸಿದರೆ ಒಂದು ಸೆಟ್ ಇದ್ದೇ ಇರುತ್ತದೆ. ಇಲ್ಲ ಎಂದು ಹಟ ಹಿಡಿದವರು ಇನ್ನೊಮ್ಮೆ ಕಣ್ಣುಜ್ಜಿ ನೋಡಬೇಕು.

ಎರಡನೆಯದಕ್ಕೆ ಏಳೇ ಚೀಟಿ. ಒಂದೊಂದರ ಮೇಲೆ ಮೂರು ಅಕ್ಷರ: ಅಆಇ, ಅಈಉ, ಅಊಎ, ಆಈಊ, ಆಉಎ, ಇಈಎ, ಇಉಊ. ಯಾವ ಎರಡು ಚೀಟಿ ತೆರೆದಿಟ್ಟರೂ ಅವುಗಳಲ್ಲಿ ಸಮಾನವಾದ ಅಕ್ಷರ ಒಂದೇ ಇರುತ್ತದೆ, ಮೊದಲು ಕೂಗಿದವರದು ಚೀಟಿ. ಪೇಟೆಯಲ್ಲಿ ಸಿಗುವ ಡಾಬಲ್ ಆಟದ 55 ಎಲೆಗಳೂ ಇದೇ ಕಟ್ಟಿನವು, ಎಲೆಗೆ ಎಂಟು ಚಿತ್ರ. ಅಕ್ಷರ ಕಲಿಯುವ ಮಗುವಿಗೆ ಚೀಟಿಯ ಆಟ ಹೆಚ್ಚು ರುಚಿಸುತ್ತದೆ, ಖರ್ಚೂ ಇಲ್ಲ.

ಕೊನೆಯದಕ್ಕೆ ಐದು ದಾಳ ಬೇಕು. ಎರಡು ಲೂಡೋ ಡಬ್ಬಿಯದು ಸಾಲದಿದ್ದರೆ ನೆರೆಮನೆಯದನ್ನೂ ಸೇರಿಸಿಕೊಳ್ಳಬಹುದು. 'ಗುಲಾಬಿಯ ಸುತ್ತಿನ ದಳಗಳು' ಎಂದು ಹೆಸರು. ಬಲ್ಲವರು ದಾಳ ಉರುಳಿಸಿ ಪ್ರತಿ ಸಲ ಒಂದು ಸಂಖ್ಯೆ ಹೇಳುತ್ತಾರೆ, ಉಳಿದವರು ಅದು ಹೇಗೆ ಬಂತೆಂದು ಹುಡುಕಬೇಕು. 3, 5, 1, 4, 6 ಬಿದ್ದರೆ ಉತ್ತರ ಆರು. 2, 2, 4, 6, 1 ಬಿದ್ದರೆ ಸೊನ್ನೆ. 5, 5, 3, 3, 1 ಬಿದ್ದರೆ ಹನ್ನೆರಡು. ಉತ್ತರ ಎಂದೂ ಬೆಸ ಸಂಖ್ಯೆಯಾಗುವುದಿಲ್ಲ, ಹೆಸರಿನಲ್ಲೇ ಸುಳಿವಿದೆ. ಲೆಕ್ಕದಲ್ಲಿ ಚುರುಕಾದ ದೊಡ್ಡವರು ಕೂಡಿ ಕಳೆದು ಸುಸ್ತಾಗುವ ಹೊತ್ತಿಗೆ ದಾಳವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ ಚಿಕ್ಕವರು ಪಟ್ಟನೆ ಹೇಳಿಬಿಡುವುದುಂಟು. ಗುಟ್ಟು ಸಿಕ್ಕವರು ಅದನ್ನು ಬಾಯಿಬಿಟ್ಟು ಹೇಳಬಾರದು, ಮುಂದಿನ ಉತ್ತರಗಳನ್ನು ಮಾತ್ರ ಸರಿಯಾಗಿ ಹೇಳುತ್ತ ಹೋಗಬೇಕು ಎಂಬುದು ಈ ಆಟಕ್ಕಿರುವ ಕಟ್ಟು. ಅದನ್ನು ಇಲ್ಲಿಯೂ ಮುರಿದಿಲ್ಲ.